ಹೆಜಮಾಡಿಗೆ ಅಕ್ಷರವೆಷ್ಟು?

ಮಂಗಳೂರಿನ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ ೬೬ರಲ್ಲಿ ಬಡಗಣಕ್ಕೆ ಹೊರಟವರು ಮೂಲ್ಕಿಯನ್ನು ಹಿಂದೆ ಹಾಕಿ ಶಾಂಭವಿ ಹೊಳೆಯ ಸೇತುವೆಯನ್ನು ದಾಟಿದರೆ ಹೆಜಮಾಡಿಯನ್ನು ಸೇರುವರು. ೧೯೯೭ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾದ ಮೇಲೆ ಈ ಊರು ಹೊಸ ಜಿಲ್ಲೆಯ ತೆಂಕಣ ಹೊಸ್ತಿಲಾಯಿತು. ಪಡುವಣಕ್ಕೆ ಕಡಲು, ನಡುವೆ ತೆಂಗಿನ ತೋಟ, ಹೆದ್ದಾರಿಯ ಮೇಲೆ ಎಲ್ಲರೂ ಬಲ್ಲ ಟೋಲ್ ಗೇಟು. ಈ ಊರಿನ ಹೆಸರನ್ನು ಒಂದನೆಯ ತರಗತಿಯ ಮಗುವಿನ ಮುಂದೆ ಸ್ಲೇಟಿನಲ್ಲಿ ಬರೆದು, ‘ಎಷ್ಟು ಅಕ್ಷರ?’ ಎಂದು ಕೇಳಿದರೆ ಮಗು ಬೆರಳು ಮಡಚುತ್ತ ಹೆ, ಜ, ಮಾ, ಡಿ ಎಂದು ಎಣಿಸಿ ‘ನಾಲ್ಕು’ ಎನ್ನುವುದು. ಅದೇ ಪ್ರಶ್ನೆಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ‘ಏಳು’ ಎಂದು ಉತ್ತರ ಕೊಡುವುದು. ಪ್ರಶ್ನೆಯನ್ನು ಇನ್ನೊಂದು ಬಗೆಯಲ್ಲಿ ಇಟ್ಟರೆ ‘ಇಪ್ಪತ್ತೊಂದು’ ಎಂದೂ ಹೇಳೀತು.

ಮಗುವಿನದು ತಪ್ಪಲ್ಲ, ಯಂತ್ರದ್ದೂ ತಪ್ಪಲ್ಲ. ಇಬ್ಬರೂ ಎಣಿಸಿದ ವಸ್ತು ಬೇರೆ ಬೇರೆ, ಅಷ್ಟೆ. ಈ ಭೇದವನ್ನು ಅರಿಯದೆ ಬರೆದ ಪ್ರೋಗ್ರಾಮಿನಿಂದ ಹೆಸರು ಕತ್ತರಿಸಿಹೋಗುವುದು, ಪಟ್ಟಿಯಲ್ಲಿದ್ದವರು ಇಲ್ಲವಾಗುವುದು, ಒಬ್ಬರೇ ಇಬ್ಬರಾಗುವುದು, ಎಲ್ಲವೂ ಸಂಭವಿಸಬಹುದು. ಆದುದರಿಂದ ಪ್ರೋಗ್ರಾಮ್ ಬರೆಯಲು ಈಗತಾನೆ ಕಲಿಯುತ್ತಿರುವ ಮನೆಯ ಮಕ್ಕಳು ಮಾತ್ರವಲ್ಲ, ಅವರ ಹೆತ್ತವರೂ ಈ ಲೆಕ್ಕವನ್ನು ತಿಳಿದಿರುವುದು ಲೇಸು.

ಮಲ್ಲಿಗೆಯ ಸರ, ಅಕ್ಷರದ ಸರ

ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ೧೯೫೭ರಲ್ಲಿಯೂ ಕಾರ್ಕಳ ತಾಲ್ಲೂಕಿನ ನಿಟ್ಟೆಯ ಕಾಲೇಜು ೧೯೮೬ರಲ್ಲಿಯೂ ಹುಟ್ಟಿದುವು. ಇಂದು ಅಲ್ಲಿಯ ವಿದ್ಯಾರ್ಥಿಗಳಿರಲಿ, ಪ್ರೌಢಶಾಲೆಯ ಮಕ್ಕಳಿರಲಿ, ಪ್ರೋಗ್ರಾಮಿಂಗಿನ ಮೊದಲ ವಾರದಲ್ಲಿ ಸಂಖ್ಯೆಗಳನ್ನು ಕೂಡಿಸಿ ಕಳೆದ ಮೇಲೆ ಎದುರಿಗೆ ಬರುವ ಮುಂದಿನ ಪಾಠವೆಂದರೆ ‘ಸ್ಟ್ರಿಂಗ್’. ಸ್ಟ್ರಿಂಗ್ ಎಂದರೆ ದಾರ. ಇಲ್ಲಿ ದಾರದಲ್ಲಿ ಪೋಣಿಸಿದ ಚಿಹ್ನೆಗಳ ಸರ. ಕಾಪುವಿನ ಬಳಿಯ ಶಂಕರಪುರದಲ್ಲಿ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಚೆಂಡು ಮಾಡುವುದನ್ನೂ, ನಾಲ್ಕು ಚೆಂಡು ಸೇರಿ ಒಂದು ಅಟ್ಟೆಯಾಗುವುದನ್ನೂ ಕರಾವಳಿಯವರು ಬಲ್ಲರು. ಸ್ಟ್ರಿಂಗಿನಲ್ಲಿ ಹೂವಿನ ಸ್ಥಾನದಲ್ಲಿ ಅಕ್ಷರ, ಅಂಕೆ, ಚುಕ್ಕೆ, ತೆರಪು, ಏನು ಬೇಕಾದರೂ ಇರಬಹುದು. ಕಣ್ಣಿಗೆ ಕಾಣದ ತೆರಪು ಕೂಡ ಅಲ್ಲಿ ಒಂದು ಹೂವೇ.

ಈ ಸರದ ಮೇಲೆ ನಡೆಸುವ ಕ್ರಿಯೆಗಳು ಬಹಳವಿಲ್ಲ. ಎಷ್ಟು ಹೂವಿದೆಯೆಂದು ಎಣಿಸುವುದು; ಇಂತಿಷ್ಟನೆಯ ಹೂವಿನಿಂದ ಇಂತಿಷ್ಟನೆಯದರವರೆಗೆ ತುಂಡು ತೆಗೆಯುವುದು; ಎರಡು ಸರಗಳನ್ನು ಗಂಟು ಹಾಕುವುದು; ಒಂದು ಹೂವನ್ನು ಹುಡುಕುವುದು; ಅದರ ಬದಲು ಇನ್ನೊಂದನ್ನು ಇಡುವುದು; ತುದಿಯ ಒಣ ಎಲೆಗಳನ್ನು ಕಿತ್ತುಹಾಕುವಂತೆ ಹಿಂದುಮುಂದಿನ ತೆರಪುಗಳನ್ನು ತೆಗೆಯುವುದು; ಕೊನೆಗೆ ಸರವನ್ನು ತಿರುಗುಮುರುಗು ಮಾಡುವುದು. ಪ್ರಪಂಚದ ಪತ್ರವ್ಯವಹಾರ, ಬ್ಯಾಂಕು, ಟಿಕೆಟು, ಮತದಾರರ ಪಟ್ಟಿ, ಎಲ್ಲದರ ಹಿಂದೆ ಇಷ್ಟೇ ಕೈಕೆಲಸ ಎಡೆಬಿಡದೆ ಸಾಗುತ್ತಿರುವುದು. ಒಂದು ವಿಶೇಷ ಮಾತ್ರ ನೆನಪಿನಲ್ಲಿರಬೇಕು. ಪೈಥಾನ್ ಮೊದಲಾದ ಭಾಷೆಗಳಲ್ಲಿ ಕಟ್ಟಿದ ಸರವನ್ನು ಬಿಚ್ಚಿ ಒಂದು ಹೂವನ್ನು ಬದಲಿಸಲು ಬರುವುದಿಲ್ಲ. ಬದಲಾವಣೆ ಬೇಕೆಂದರೆ ಯಂತ್ರವು ಹೊಸ ಸರವನ್ನೇ ಕಟ್ಟಿಕೊಡುವುದು. ಹಳೆಯದು ಹಾಗೆಯೇ ಉಳಿಯುವುದು. ಹೊಸ ಸರಕ್ಕೆ ಹೆಸರಿಟ್ಟು ಇಟ್ಟುಕೊಳ್ಳಲು ಮರೆತ ವಿದ್ಯಾರ್ಥಿ, ‘ಬದಲಿಸಿದೆ, ಆದರೂ ಬದಲಾಗಲಿಲ್ಲವಲ್ಲ!’ ಎಂದು ತಲೆ ಕೆರೆದುಕೊಳ್ಳುವುದು ಸರ್ವೇಸಾಮಾನ್ಯ.

ಟೋಲ್ ಗೇಟಿನ ಪಾಠ

ಈ ಕೈಕೆಲಸಕ್ಕೆ ಹೆಜಮಾಡಿಯ ಟೋಲ್ ಗೇಟಿನಲ್ಲಿ ಸಾಲಾಗಿ ನಿಂತ ವಾಹನಗಳೇ ಒಳ್ಳೆಯ ಪಾಠಪುಸ್ತಕ. ೨೦೨೧ರ ಫೆಬ್ರವರಿಯಿಂದ ದೇಶದ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಆ ಚೀಟಿಯು ವಾಹನದ ನೋಂದಣಿ ಸಂಖ್ಯೆಗೆ ಜೋಡಿಸಲ್ಪಟ್ಟಿರುವುದು. ‘ಸಂಖ್ಯೆ’ ಎಂಬುದು ಹೆಸರಿಗೆ ಮಾತ್ರ. ವಾಸ್ತವವಾಗಿ ಅದೊಂದು ಸ್ಟ್ರಿಂಗ್. ಇಂಗ್ಲಿಷ್ ಲಿಪಿಯಲ್ಲಿ ಬರೆದ ಆ ಸರದ ಮೊದಲಿನ ಎರಡು ಅಕ್ಷರ ರಾಜ್ಯದವು: ಕೆ ಎ ಎಂದರೆ ಕರ್ನಾಟಕ. ಅನಂತರದ ಎರಡು ಅಂಕೆ ಸಾರಿಗೆ ಕಚೇರಿಯದು: ೧೯ ಮಂಗಳೂರು, ೨೦ ಉಡುಪಿ, ೨೧ ಪುತ್ತೂರು. ಕೇರಳದ ಕೆ ಎಲ್ ೧೪ ಎಂದು ಕಂಡರೆ ಕಾಸರಗೋಡಿನ ವಾಹನ. ಅದರ ಮುಂದೆ ಸರಣಿಯ ಒಂದೆರಡು ಅಕ್ಷರ, ಕಟ್ಟಕಡೆಗೆ ನಾಲ್ಕು ಅಂಕೆ.

ವಾಹನವು ಯಾವ ಕಚೇರಿಯದೆಂದು ಪ್ರೋಗ್ರಾಮ್ ತಿಳಿಯಬೇಕಾದರೆ ಸರದ ಮೂರನೆಯ ಮತ್ತು ನಾಲ್ಕನೆಯ ಚಿಹ್ನೆಗಳನ್ನು ತುಂಡು ತೆಗೆಯಬೇಕು. ಇಲ್ಲಿ ಹೊಸಬರು ಎಡವುವ ಮೊದಲ ಕಲ್ಲು ಇರುವುದು. ಯಂತ್ರವು ಎಣಿಕೆಯನ್ನು ಒಂದರಿಂದ ಆರಂಭಿಸದೆ ಸೊನ್ನೆಯಿಂದ ಆರಂಭಿಸುವುದು. ಮಹಡಿ ಮನೆಯಲ್ಲಿ ನೆಲದ ಮಟ್ಟದ ಅಂತಸ್ತನ್ನು ಬಿಟ್ಟು ಅದರ ಮೇಲಿನದನ್ನು ‘ಒಂದನೆಯ ಮಹಡಿ’ ಎನ್ನುವ ವಾಡಿಕೆಯಿದೆಯಲ್ಲ, ಇದೂ ಹಾಗೆಯೇ. ಆದುದರಿಂದ ಮೂರನೆಯ ಚಿಹ್ನೆಯ ಸ್ಥಾನ ೨, ನಾಲ್ಕನೆಯದರ ಸ್ಥಾನ ೩. ಎರಡನೆಯ ಕಲ್ಲೂ ಪಕ್ಕದಲ್ಲೇ ಇದೆ: ‘೨ರಿಂದ ೪ರವರೆಗೆ’ ಎಂದು ಪೈಥಾನಿಗೆ ಹೇಳಿದರೆ ಅದು ೨ ಮತ್ತು ೩ನ್ನು ಕೊಟ್ಟು ೪ನ್ನು ಬಿಡುವುದು. ಇದು ಮೊದಲು ವಕ್ರವಾಗಿ ತೋರಿದರೂ ಒಂದು ಸೌಕರ್ಯವಿದೆ. ನಾಲ್ಕರಲ್ಲಿ ಎರಡು ಕಳೆದರೆ ಎರಡು, ತುಂಡಿನ ಉದ್ದವೂ ಎರಡು.

ಕೊನೆಯ ನಾಲ್ಕು ಅಂಕೆಗಳನ್ನು ತೆಗೆಯುವುದು ಹೇಗೆ? ಆರನೆಯ ಸ್ಥಾನದಿಂದ ತೆಗೆದರಾಯಿತು ಎಂದು ಅವಸರಪಡಬಾರದು. ಹಳೆಯ ವಾಹನಗಳಲ್ಲಿ ಸರಣಿಯ ಅಕ್ಷರ ಒಂದೇ ಇರುವುದುಂಟು. ಆಗ ಲೆಕ್ಕ ತಪ್ಪುವುದು. ಜಾಣತನವೆಂದರೆ ತುದಿಯಿಂದ ಹಿಂದಕ್ಕೆ ಎಣಿಸುವುದು. ಪೈಥಾನಿನಲ್ಲಿ ಋಣಸಂಖ್ಯೆಯನ್ನು ಕೊಟ್ಟು ‘ಕೊನೆಯ ನಾಲ್ಕು’ ಎಂದು ಕೇಳಬಹುದು. ಸರದ ಉದ್ದ ಎಷ್ಟೇ ಇರಲಿ, ಉತ್ತರ ಸರಿಯಾಗಿ ಬರುವುದು.

ಇನ್ನು ಮನುಷ್ಯರ ಬರೆಹದ ಸೊಗಸು. ಒಬ್ಬರು ದೊಡ್ಡ ಅಕ್ಷರದಲ್ಲಿ ಬರೆದರೆ ಇನ್ನೊಬ್ಬರು ಸಣ್ಣ ಅಕ್ಷರದಲ್ಲಿ, ಒಬ್ಬರು ನಡುವೆ ತೆರಪು ಬಿಟ್ಟು, ಇನ್ನೊಬ್ಬರು ಅಡ್ಡಗೆರೆ ಎಳೆದು, ಮತ್ತೊಬ್ಬರು ಚುಕ್ಕೆಯಿಟ್ಟು ಬರೆಯುವರು. ಮನುಷ್ಯನ ಕಣ್ಣಿಗೆ ಎಲ್ಲವೂ ಒಂದೇ ವಾಹನ. ಯಂತ್ರಕ್ಕೆ ಹಾಗಲ್ಲ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಕೇತ ೬೫, ಸಣ್ಣದರದು ೯೭. ಅದರ ದೃಷ್ಟಿಯಲ್ಲಿ ಅವೆರಡಕ್ಕೂ ನಂಟೇ ಇಲ್ಲ. ಆದುದರಿಂದ ಎರಡು ಸರಗಳನ್ನು ಹೋಲಿಸುವ ಮುನ್ನ ಎಲ್ಲವನ್ನೂ ದೊಡ್ಡ ಅಕ್ಷರಕ್ಕೆ ತಿರುಗಿಸಿ, ತೆರಪು, ಗೆರೆ, ಚುಕ್ಕೆಗಳನ್ನು ಕಿತ್ತು, ಒಂದೇ ಮಡಿಯುಡಿಸಿ ನಿಲ್ಲಿಸಬೇಕು. ಮೊದಲು ಶುಚಿ, ಆಮೇಲೆ ಹೋಲಿಕೆ. ಸ್ಟ್ರಿಂಗ್ ವ್ಯವಹಾರದ ಮೊದಲ ಸೂತ್ರವಿದು.

ಸೊನ್ನೆಯ ವಿಚಾರದಲ್ಲೂ ಒಂದು ಎಚ್ಚರಿಕೆ ಬೇಕು. ಉಡುಪಿಯ ದೂರವಾಣಿ ಸಂಕೇತ ೦೮೨೦. ಇದನ್ನು ಸಂಖ್ಯೆಯೆಂದು ಭಾವಿಸಿ ಇಟ್ಟರೆ ಯಂತ್ರವು ಮುಂದಿನ ಸೊನ್ನೆಗೆ ಬೆಲೆಯಿಲ್ಲವೆಂದು ಅದನ್ನು ತೆಗೆದು ೮೨೦ ಎಂದು ಉಳಿಸುವುದು. ೨೦ ಮತ್ತು ೧೯ ಸಂಖ್ಯೆಗಳಾದರೆ ಕೂಡಿದಾಗ ೩೯. ಸ್ಟ್ರಿಂಗುಗಳಾದರೆ ಗಂಟು ಬಿದ್ದು ೨೦೧೯. ಉಡುಪಿಯ ಪಿನ್ ಕೋಡ್ ೫೭೬೧೦೧, ಮಣಿಪಾಲದ್ದು ೫೭೬೧೦೪; ಇವನ್ನು ಯಾರೂ ಕೂಡಿಸುವುದಿಲ್ಲ, ಗುಣಿಸುವುದಿಲ್ಲ. ಲೆಕ್ಕಕ್ಕೆ ಬಾರದ ಅಂಕೆಯನ್ನು ಸ್ಟ್ರಿಂಗ್ ಆಗಿಯೇ ಇಡುವುದು ಕ್ಷೇಮ.

ಏಳು ಬಂದುದು ಎಲ್ಲಿಂದ?

ಇಷ್ಟು ಪಾಠ ಇಂಗ್ಲಿಷ್ ಪುಸ್ತಕಗಳಲ್ಲಿಯೂ ಸಿಗುವುದು. ಕನ್ನಡದ ಹೆಸರು ಬಂದೊಡನೆ ಆಟದ ನಿಯಮವೇ ಬೇರೆಯಾಗುವುದು.

ಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುವುದು. ಆದುದರಿಂದ ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಹಂಚುವ ‘ಯೂನಿಕೋಡ್’ ಎಂಬ ವ್ಯವಸ್ಥೆ ೧೯೯೧ರಲ್ಲಿ ಹೊರಬಂದಿತು. ಭಾರತೀಯ ಲಿಪಿಗಳ ವಿಷಯದಲ್ಲಿ ಅದು ನಮ್ಮ ದೇಶದಲ್ಲೇ ರೂಪಿತವಾಗಿದ್ದ ‘ಇಸ್ಕಿ’ ಸಂಕೇತದ ಏರ್ಪಾಡನ್ನು ಅನುಸರಿಸಿತು. ಕನ್ನಡಕ್ಕೆ ದೊರೆತುದು ೩೨೦೦ರಿಂದ ೩೩೨೭ರವರೆಗಿನ ೧೨೮ ಮನೆಗಳು. ಅದರಲ್ಲಿ ‘ಅ’ಕಾರದ ಮನೆ ೩೨೦೫, ‘ಕ’ಕಾರದ್ದು ೩೨೨೧, ‘ಹ’ಕಾರದ್ದು ೩೨೫೭. ಕಾಗುಣಿತದ ಪ್ರತಿಯೊಂದು ರೂಪಕ್ಕೂ ಮನೆ ಕೊಟ್ಟಿಲ್ಲ. ಕೊಟ್ಟರೆ ಸಾವಿರಾರು ಬೇಕಾಗುತ್ತಿತ್ತು. ಬದಲಿಗೆ ಇಳಿ, ಗುಡಿಸು, ಕೊಂಬು, ಎತ್ವ, ಒತ್ವ ಮೊದಲಾದ ಚಿಹ್ನೆಗಳಿಗೆ ಬೇರೆ ಮನೆಗಳನ್ನು ಕೊಟ್ಟಿದೆ. ‘ಹಕ್ಕೆ ಎತ್ವ ಕೊಟ್ಟರೆ ಹೆ’ ಎಂದು ಮಕ್ಕಳು ರಾಗವಾಗಿ ಹೇಳುವುದನ್ನೇ ಯಂತ್ರವು ಅಕ್ಷರಶಃ ಪಾಲಿಸುವುದು.

ಆದಕಾರಣ ಹೆಜಮಾಡಿಯು ಯಂತ್ರದ ಒಳಗೆ ಹೀಗೆ ಕುಳಿತಿರುವುದು: ಹಕಾರ, ಎತ್ವ, ಜಕಾರ, ಮಕಾರ, ಇಳಿ, ಡಕಾರ, ಗುಡಿಸು. ಒಟ್ಟು ಏಳು. ಇವನ್ನು ಕಡತದಲ್ಲಿ ಉಳಿಸುವಾಗ ಈಗ ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಜಾಗ ಬೇಕು; ಏಳು ಮೂರಲ ಇಪ್ಪತ್ತೊಂದು. ಕಾರ್ಕಳದ್ದು ಇನ್ನೂ ಸ್ವಾರಸ್ಯ. ಓದುವವರಿಗೆ ಕಾ, ರ್ಕ, ಳ ಎಂದು ಮೂರೇ ಅಕ್ಷರ. ಯಂತ್ರಕ್ಕೆ ಕಕಾರ, ಇಳಿ, ರಕಾರ, ಸ್ವರವನ್ನು ತೆಗೆಯುವ ಹಲಂತ ಚಿಹ್ನೆ, ಕಕಾರ, ಳಕಾರ ಎಂದು ಆರು. ಮೂಲ್ಕಿಗೆ ಅಕ್ಷರ ಎರಡು, ಸಂಕೇತ ಆರು.

ಸರವನ್ನು ತಿರುಗಿಸಿದಾಗ ಇದರ ಫಲ ಕಣ್ಣಿಗೆ ಕಾಣುವುದು. ಹೆಜಮಾಡಿಯನ್ನು ಮಗು ತಿರುಗಿಸಿದರೆ ‘ಡಿಮಾಜಹೆ’. ಯಂತ್ರವು ತಿರುಗಿಸಿದರೆ ಮೊದಲು ಆಧಾರವಿಲ್ಲದೆ ತೂಗಾಡುವ ಒಂಟಿ ಗುಡಿಸು, ಆಮೇಲೆ ಡಾ, ಮ, ಜೆ, ಹ! ಡಕಾರದ ಗುಡಿಸು ಕಳಚಿ ಮುಂದೆ ನಿಂತಿತು. ಮಕಾರದ ಇಳಿ ಡಕಾರಕ್ಕೆ ಅಂಟಿತು. ಹಕಾರದ ಎತ್ವ ಜಕಾರದ ಪಾಲಾಯಿತು. ತೆನಾಲಿ ರಾಮಕೃಷ್ಣನ ಬಿರುದಾದ ‘ವಿಕಟಕವಿ’ಯು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಎಂದು ಮನೆಮನೆಯಲ್ಲಿ ಗೊತ್ತು. ಆದರೆ ಹೊಸ ವಿದ್ಯಾರ್ಥಿಯ ಪ್ರೋಗ್ರಾಮ್ ಅದನ್ನು ತಿರುಗಿಸಿ ಹೋಲಿಸಿ ‘ಒಂದೇ ಅಲ್ಲ’ ಎಂದು ತೀರ್ಪು ಕೊಡುವುದು. ‘ಕನಕ’, ‘ನಯನ’, ‘ಜಲಜ’ಗಳು ಮಾತ್ರ ಪರೀಕ್ಷೆಯಲ್ಲಿ ತೇರ್ಗಡೆಯಾಗುವುವು, ಏಕೆಂದರೆ ಅವುಗಳಲ್ಲಿ ಕಳಚಿಬೀಳಲು ಗುಡಿಸೂ ಇಲ್ಲ, ಕೊಂಬೂ ಇಲ್ಲ.

ಸಂಘದ ಪಟ್ಟಿಯಲ್ಲಿ ಕಳೆದುಹೋದವರು

ವಿಕಟಕವಿಯ ಬಿರುದು ಹೋದರೆ ನಗಬಹುದು. ಆದರೆ ನಗಲಾಗದ ಸಂದರ್ಭಗಳೂ ಉಂಟು. ಕರಾವಳಿಯ ಒಂದು ಹಳ್ಳಿಯಲ್ಲಿ ಮುನ್ನೂರು ಸದಸ್ಯರ ಒಂದು ಸಹಕಾರ ಸಂಘವಿದೆಯೆಂದೂ, ಅದರ ಕಾರ್ಯದರ್ಶಿ ಸದಸ್ಯರ ಹೆಸರಿನ ಪಟ್ಟಿಯನ್ನು ಕಾಲೇಜಿಗೆ ಹೋಗುವ ಮಗಳ ಕೈಗೆ ಕೊಟ್ಟು, ‘ಮಹಾಸಭೆಯ ತಿಳಿವಳಿಕೆಯನ್ನು ಎಲ್ಲರ ಮೊಬೈಲಿಗೆ ಕಳುಹಿಸಮ್ಮ’ ಎಂದರೆಂದೂ ಊಹಿಸಬಹುದು. ಕೆಲಸ ಸಣ್ಣದು. ಆದರೆ ಮಹಾಸಭೆಯಲ್ಲಿ ಮತ ಹಾಕುವ ಹಕ್ಕು, ಲಾಭಾಂಶ, ಸಾಲದ ಮಂಜೂರಾತಿ, ಎಲ್ಲವೂ ಆ ಪಟ್ಟಿಯನ್ನು ಅವಲಂಬಿಸಿವೆ.

ಮೊದಲನೆಯ ತೊಡಕು ತಿಳಿವಳಿಕೆಯ ಉದ್ದದ್ದು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ ೧೬೦ ಚಿಹ್ನೆಗಳ ಅವಕಾಶ. ಕನ್ನಡ ಯೂನಿಕೋಡಿನಲ್ಲಿ ೭೦ ಮಾತ್ರ. ಅದನ್ನು ಮೀರಿದರೆ ಸಂದೇಶವು ತುಂಡಾಗಿ, ತುಂಡಿಗೆ ೬೭ರಂತೆ ಹೋಗುವುದು. ಹುಡುಗಿ ಶಾಲೆಯ ಕ್ರಮದಲ್ಲಿ ಎಣಿಸಿ ಎಪ್ಪತ್ತು ಅಕ್ಷರಕ್ಕೆ ನಿಲ್ಲಿಸಿದಳೆನ್ನಿ. ಯಂತ್ರದ ಎಣಿಕೆಯಲ್ಲಿ ಅದು ನೂರಿಪ್ಪತ್ತಾಗಿದ್ದರೆ ಪ್ರತಿ ಸದಸ್ಯರಿಗೂ ಒಂದರ ಬದಲು ಎರಡು ಸಂದೇಶ. ಮುನ್ನೂರರ ಖರ್ಚು ಆರುನೂರರದಾಯಿತು.

ಎರಡನೆಯದು ಹೆಸರಿನ ಕತ್ತರಿ. ಪಟ್ಟಿಯ ಅಂಕಣ ಕಿರಿದಾಗಿದೆ, ಏಳು ಸಂಕೇತ ಸಾಕು ಎಂದು ತುಂಡು ಮಾಡಿದರೆ ‘ಪದ್ಮಾವತಿ’ಯ ಎಂಟನೆಯ ಸಂಕೇತವಾದ ಗುಡಿಸು ಉದುರಿ ‘ಪದ್ಮಾವತ’ ಉಳಿಯುವುದು. ಐದಕ್ಕೆ ಕತ್ತರಿಸಿದರೆ ‘ಲಕ್ಷ್ಮಿ’ಯು ‘ಲಕ್ಷ್’ ಆಗಿ ನಿಲ್ಲುವಳು. ಇಂಗ್ಲಿಷ್ ಹೆಸರಿನ ತುದಿ ಕತ್ತರಿಸಿದರೆ ಹೆಸರು ಮೊಟಕಾಗುವುದು. ಕನ್ನಡದ ಹೆಸರಿನಲ್ಲಿ ಅಕ್ಷರದ ಅಂಗವೇ ಮುರಿಯುವುದು. ಮಲ್ಲಿಗೆಯ ಸರವನ್ನು ಹೂವಿನ ನಡುವೆ ಕತ್ತರಿಸಿದಂತೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಅನುಸ್ವಾರವನ್ನು ಕನ್ನಡದಲ್ಲಿ ‘ಸೊನ್ನೆ’ ಎಂದೇ ಕರೆಯುವ ರೂಢಿ. ರೂಪದಲ್ಲಿಯೂ ಅದು ಅಂಕೆಯ ಸೊನ್ನೆಯನ್ನು ಹೋಲುವುದು. ಆದರೆ ಯಂತ್ರದಲ್ಲಿ ಅನುಸ್ವಾರದ ಮನೆ ೩೨೦೨, ಅಂಕೆಯ ಸೊನ್ನೆಯ ಮನೆ ೩೩೦೨. ನಡುವೆ ಸರಿಯಾಗಿ ನೂರು ಮನೆಗಳ ದೂರ. ಟೈಪು ಮಾಡಿದವರು ಅನುಸ್ವಾರದ ಬದಲು ಅಂಕೆಯ ಸೊನ್ನೆಯನ್ನು ಒತ್ತಿ ‘ಮ೦ಗಳ’ ಎಂದು ದಾಖಲು ಮಾಡಿದ್ದರೆ, ಮಹಾಸಭೆಯ ಬಾಗಿಲಲ್ಲಿ ‘ಮಂಗಳ’ ಎಂದು ಸರಿಯಾಗಿ ಹುಡುಕಿದಾಗ ‘ಇಂಥ ಸದಸ್ಯರಿಲ್ಲ’ ಎಂಬ ಉತ್ತರ ಬರುವುದು. ಪರದೆಯ ಮೇಲೆ ಎರಡೂ ಹೆಚ್ಚುಕಡಮೆ ಒಂದೇ ಬಗೆಯಾಗಿ ಕಾಣುವುದರಿಂದ ತಪ್ಪೆಲ್ಲಿದೆಯೆಂದು ಯಾರಿಗೂ ತಿಳಿಯದು. ಮೂವತ್ತು ವರ್ಷ ಪಾಲು ಹಣ ಕಟ್ಟಿದ ವೃದ್ಧೆ, ಹೆಸರೇ ಇಲ್ಲವೆನಿಸಿಕೊಂಡು ಹಿಂದಿರುಗಬೇಕಾದೀತು. ಅದಕ್ಕೆ ವಿರುದ್ಧವಾಗಿ, ಒಂದು ಸಲ ಅನುಸ್ವಾರದಿಂದಲೂ ಇನ್ನೊಂದು ಸಲ ಅಂಕೆಯಿಂದಲೂ ದಾಖಲಾದ ಒಬ್ಬರೇ ಇಬ್ಬರು ಸದಸ್ಯರೆಂದು ಎಣಿಕೆಯಾಗಲೂಬಹುದು.

ಹಾಗಾದರೆ ಎಲ್ಲ ಅಂಕೆಯ ಸೊನ್ನೆಗಳನ್ನೂ ಅನುಸ್ವಾರಕ್ಕೆ ಬದಲಿಸೆಂದು ಆಜ್ಞೆ ಕೊಟ್ಟರೆ ತೀರಿತಲ್ಲವೆ? ತೀರದು. ಆಗ ಹತ್ತನೆಯ ನಂಬರಿನ ಮನೆಯ ವಿಳಾಸದಲ್ಲಿ ‘೧೦’ ಹೋಗಿ ‘೧ಂ’ ಆದೀತು. ಬದಲಿಸುವ ಮುನ್ನ ಹಿಂದಿನ ಚಿಹ್ನೆಯನ್ನು ನೋಡಬೇಕು: ಅದು ಕನ್ನಡದ ಅಕ್ಷರವೋ ಗುಣಿತದ ಚಿಹ್ನೆಯೋ ಆಗಿದ್ದರೆ ಮಾತ್ರ ಬದಲಿಸಬೇಕು, ಅಂಕೆಯೋ ತೆರಪೋ ಆಗಿದ್ದರೆ ಬಿಡಬೇಕು. ಕುರುಡು ಬದಲಾವಣೆಯು ಒಂದು ತಪ್ಪನ್ನು ತಿದ್ದಿ ಹತ್ತನ್ನು ಹುಟ್ಟಿಸುವುದು.

ಇದೇ ಜಾತಿಯ ಇನ್ನೂ ಒಂದು ತೊಡಕುಂಟು. ‘ಕೊ’ ಎಂಬುದನ್ನು ಕಕಾರ ಮತ್ತು ಒತ್ವ ಎಂದು ಎರಡು ಸಂಕೇತದಿಂದಲೂ ಬರೆಯಬಹುದು. ಕಕಾರ, ಎತ್ವ, ಅದರ ಮುಂದೆ ದೀರ್ಘದ ಕೊಂಬು ಎಂದು ಮೂರರಿಂದಲೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಇಂಥವನ್ನು ಒಂದೇ ರೂಪಕ್ಕೆ ತರುವ ಕ್ರಮವನ್ನು ಯೂನಿಕೋಡೇ ಒದಗಿಸಿದೆ. ಪೈಥಾನ್ ಮೊದಲಾದ ಭಾಷೆಗಳಲ್ಲಿ ಅದಕ್ಕೆ ಸಿದ್ಧ ಸಾಧನಗಳಿವೆ. ಮೊದಲು ಶುಚಿ, ಆಮೇಲೆ ಹೋಲಿಕೆ ಎಂಬ ಟೋಲ್ ಗೇಟಿನ ಸೂತ್ರ ಇಲ್ಲಿಯೂ ಸಲ್ಲುವುದು.

ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ ಕೂಡ ಎಚ್ಚರ ಬೇಕು. ಕನ್ನಡದ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ, ಕಟ್ಟಕಡೆಗೆ ಬರುವುದು. ಯೂನಿಕೋಡಿನ ಮನೆಗಳಲ್ಲಾದರೋ ಳಕಾರಕ್ಕೆ ೩೨೫೧, ವಕಾರಕ್ಕೆ ೩೨೫೩, ಹಕಾರಕ್ಕೆ ೩೨೫೭. ಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ‘ಕಳಸ’ವು ‘ಕವಿತೆ’ಗಿಂತ ಮುಂದೆ ಬಂದು ಕೂಡುವುದು; ನಿಘಂಟಿನಲ್ಲಿ ಅದರ ಸ್ಥಾನ ‘ಕಹಿ’ಯ ನಂತರ.

ಕೇಶಿರಾಜನಿಗೆ ತಿಳಿದಿದ್ದ ವಿದ್ಯೆ

ಸರಗಳನ್ನು ಗಂಟು ಹಾಕುವ ಕೆಲಸ ತೀರ ಸುಲಭವೆಂದು ತೋರುವುದು. ತಿಳಿವಳಿಕೆಯ ಪತ್ರದಲ್ಲಿ ಊರಿನ ಹೆಸರಿನ ಮುಂದೆ ‘ಅಲ್ಲಿ’ ಎಂದು ಸೇರಿಸಿದರೆ ಸಾಕೆಂದು ಹೊಸಬರು ಭಾವಿಸುವರು. ಯಂತ್ರವು ವಿಧೇಯತೆಯಿಂದ ‘ಹೆಜಮಾಡಿಅಲ್ಲಿ’, ‘ಕಾರ್ಕಳಅಲ್ಲಿ’ ಎಂದು ಅಚ್ಚು ಮಾಡಿಕೊಡುವುದು. ಇಂಗ್ಲಿಷಿನಲ್ಲಿ ಊರಿನ ಹೆಸರು ಮಾರ್ಪಡದು, ಕನ್ನಡದಲ್ಲಿ ಮಾರ್ಪಡುವುದು. ಹೆಜಮಾಡಿಯಲ್ಲಿ, ಕಾರ್ಕಳದಲ್ಲಿ, ಕಾಪುವಿನಲ್ಲಿ, ಮಂಗಳೂರಿನಲ್ಲಿ: ನಾಲ್ಕು ಊರಿಗೆ ನಾಲ್ಕು ಬಗೆ.

ಇದಕ್ಕೆ ಉಪಾಯವನ್ನು ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನ ಬಳಿ ಕೇಳಬಹುದು. ಅವನ ‘ಶಬ್ದಮಣಿದರ್ಪಣ’ವನ್ನು ಫರ್ಡಿನೆಂಡ್ ಕಿಟ್ಟೆಲ್ ಸಂಪಾದಿಸಿ ೧೮೭೨ರಲ್ಲಿ ಮಂಗಳೂರಿನಿಂದಲೇ ಪ್ರಕಟಿಸಿದ್ದನು. ಸಂಧಿಯಲ್ಲಿ ಲೋಪ, ಆಗಮ, ಆದೇಶ ಎಂದು ಮೂರು ಬಗೆಯೆಂಬುದನ್ನು ಶಾಲೆಯಲ್ಲಿ ಓದದ ಕನ್ನಡಿಗರಿಲ್ಲ. ಊರು, ಊರು ಸೇರಿ ಊರೂರು ಆಗುವಾಗ ಒಂದು ಸ್ವರ ಅಳಿಯುವುದು. ಮನೆ, ಅನ್ನು ಸೇರಿ ಮನೆಯನ್ನು ಆಗುವಾಗ ಯಕಾರ ನಡುವೆ ಬಂದು ಕೂಡುವುದು. ಮಳೆ, ಕಾಲ ಸೇರಿ ಮಳೆಗಾಲ ಆಗುವಾಗ ಕಕಾರದ ಸ್ಥಾನದಲ್ಲಿ ಗಕಾರ ನಿಲ್ಲುವುದು. ಅಳಿಸುವುದು, ಸೇರಿಸುವುದು, ಬದಲಿಸುವುದು: ಇಂದಿನ ಪ್ರೋಗ್ರಾಮಿಂಗ್ ಪುಸ್ತಕಗಳು ಸ್ಟ್ರಿಂಗಿನ ಮೂಲಕ್ರಿಯೆಗಳೆಂದು ಹೇಳುವುವು ಇವನ್ನೇ ಅಲ್ಲವೆ?

ಆದುದರಿಂದ ಪ್ರೋಗ್ರಾಮ್ ಬರೆಯುವ ವಿದ್ಯಾರ್ಥಿ ಹೆಸರಿನ ಕಟ್ಟಕಡೆಯ ಸಂಕೇತವನ್ನು ಮೊದಲು ಪರೀಕ್ಷಿಸಬೇಕು. ಅದು ಗುಡಿಸಾಗಲಿ ಎತ್ವವಾಗಲಿ ಆಗಿದ್ದರೆ ‘ಯಲ್ಲಿ’ ಸೇರಿಸಬೇಕು. ಬರಿಯ ವ್ಯಂಜನವಾಗಿದ್ದರೆ, ಎಂದರೆ ಅಕಾರಾಂತವಾಗಿದ್ದರೆ, ‘ದಲ್ಲಿ’ ಸೇರಿಸಬೇಕು. ಕೊಂಬಿನಲ್ಲಿ ಮುಗಿದರೆ ಮಾತ್ರ ಇನ್ನೂ ಯೋಚಿಸಬೇಕು. ಮಂಗಳೂರಿನ ಕೊಂಬು ಲೋಪವಾದರೆ ಕಾಪುವಿನ ಕೊಂಬು ಗಟ್ಟಿಯಾಗಿ ಉಳಿದು ವಕಾರವನ್ನು ಕರೆಯುವುದು. ಅಂಥ ಹೆಸರುಗಳಿಗೆ ಪ್ರತ್ಯೇಕ ಪಟ್ಟಿಯನ್ನಿಟ್ಟುಕೊಳ್ಳುವುದೇ ಒಳ್ಳೆಯದು. ಶಾಲೆಯಲ್ಲಿ ಬೇಸರದಿಂದ ಕಂಠಪಾಠ ಮಾಡಿದ ವ್ಯಾಕರಣವು ಹೀಗೆ ಅನ್ನ ಕೊಡುವ ವಿದ್ಯೆಗೆ ನೆರವಾಗುವುದನ್ನು ಕಂಡರೆ ಹಳೆಯ ಪಂಡಿತರಿಗೆ ಎಷ್ಟು ಸಂತೋಷವಾಗುತ್ತಿತ್ತೋ!

ಕರಾವಳಿಗೂ ಈ ವಿದ್ಯೆಗೂ ಇನ್ನೊಂದು ನಂಟಿದೆ. ಇಂಗ್ಲಿಷಿನ ಕೀಲಿಮಣೆಯಲ್ಲೇ ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿ ಟೈಪು ಮಾಡುವ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ದಕ್ಷಿಣ ಕನ್ನಡದವರು. ವ್ಯಂಜನವೊಂದು, ಅದರ ಮೇಲೆ ಸ್ವರವೊಂದು ಎಂಬ ಸರ್ವಪರಿಚಿತ ಕಾಗುಣಿತವನ್ನೇ ಅವರು ಕೀಲಿಮಣೆಗೆ ಇಳಿಸಿದರು. ಮುಂದೆ ಕರ್ನಾಟಕ ಸರ್ಕಾರವೂ ಆ ವಿನ್ಯಾಸವನ್ನು ಅಂಗೀಕರಿಸಿತು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ‘ಸೇಡಿಯಾಪು’. ಕನ್ನಡ ಛಂದಸ್ಸಿನ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ. ಇದು ಎಷ್ಟು ಉಚಿತವಾದ ನಾಮಕರಣ! ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಪದವನ್ನು ಅಳೆಯುವ ಛಂದಸ್ಸಿನ ಶಾಸ್ತ್ರವೂ ಸ್ಟ್ರಿಂಗನ್ನು ಎಣಿಸುವ ಶಾಸ್ತ್ರವೇ. ಆ ಶಾಸ್ತ್ರದಲ್ಲಿ ಹೆಜಮಾಡಿಗೆ ಮಾತ್ರೆ ಐದು: ಹೆ ಒಂದು, ಜ ಒಂದು, ಮಾ ಎರಡು, ಡಿ ಒಂದು. ನೆರೆಯ ಪಡುಬಿದ್ರಿಗೂ ಐದೇ. ಅಲ್ಲಿ ‘ಬಿ’ಯು ಹ್ರಸ್ವವಾದರೂ ಮುಂದಿನ ಒತ್ತಕ್ಷರದ ಬಲದಿಂದ ಗುರುವಾಗುವುದು.

ಅಕ್ಷರವನ್ನು ಅಕ್ಷರವಾಗಿ ಕಾಣುವ ಬಗೆ

ಯಂತ್ರಕ್ಕೆ ಮಗುವಿನ ಕಣ್ಣನ್ನು ಕೊಡುವುದು ಅಸಾಧ್ಯವೇನೂ ಅಲ್ಲ. ಅದಕ್ಕೆ ಬೇಕಾದ ನಿಯಮ ಮೂರೇ ಮಾತಿನದು. ಸರವನ್ನು ಎಡದಿಂದ ಒಂದೊಂದೇ ಸಂಕೇತವಾಗಿ ನೋಡುತ್ತ ಹೋಗಬೇಕು. ಇಳಿ, ಗುಡಿಸು, ಕೊಂಬು ಮುಂತಾದ ಗುಣಿತದ ಚಿಹ್ನೆಯೋ ಅನುಸ್ವಾರ, ವಿಸರ್ಗ, ಹಲಂತವೋ ಸಿಕ್ಕಿದರೆ ಅದನ್ನು ಹಿಂದಿನ ಅಕ್ಷರಕ್ಕೆ ಅಂಟಿಸಬೇಕು. ವ್ಯಂಜನ ಸಿಕ್ಕಿ, ಅದರ ಹಿಂದೆ ಹಲಂತವಿದ್ದರೆ ಅದೂ ಒತ್ತಾಗಿ ಹಿಂದಿನದಕ್ಕೇ ಸೇರಬೇಕು. ಉಳಿದುದೆಲ್ಲ ಹೊಸ ಅಕ್ಷರದ ಆರಂಭ.

ಕಾರ್ಕಳದ ಮೇಲೆ ಇದನ್ನು ಪರೀಕ್ಷಿಸಬಹುದು. ಕಕಾರ ಹೊಸದು, ಇಳಿ ಅದಕ್ಕೆ ಅಂಟಿ ‘ಕಾ’. ರಕಾರ ಹೊಸದು, ಹಲಂತ ಅದಕ್ಕೆ ಅಂಟಿತು, ಕಕಾರದ ಹಿಂದೆ ಹಲಂತವಿರುವುದರಿಂದ ಅದೂ ಅಲ್ಲಿಗೇ ಸೇರಿ ‘ರ್ಕ’. ಳಕಾರ ಹೊಸದು. ಕಾ, ರ್ಕ, ಳ: ಮೂರು. ಹೀಗೆ ಬಿಡಿಸಿದ ಮೇಲೆ ಎಣಿಸಿದರೂ, ಕತ್ತರಿಸಿದರೂ, ತಿರುಗಿಸಿದರೂ ಕನ್ನಡಕ್ಕೆ ಗಾಯವಾಗದು. ವಿಕಟಕವಿಗೆ ಬಿರುದು ಮರಳಿ ಬರುವುದು. ಪದ್ಮಾವತಿಯ ಗುಡಿಸು ತಲೆಯ ಮೇಲೆ ಭದ್ರವಾಗಿ ಉಳಿಯುವುದು.

ಹಾಗೆಂದು ಏಳೆಂಬ ಉತ್ತರವನ್ನು ತಿರಸ್ಕರಿಸಬೇಕಾಗಿಲ್ಲ. ಎಸ್ಸೆಮ್ಮೆಸ್ಸಿನ ಖರ್ಚನ್ನು ಲೆಕ್ಕ ಹಾಕುವವರಿಗೆ ಏಳು ಬೇಕು. ಕಡತದ ಗಾತ್ರವನ್ನು ಅಳೆಯುವವರಿಗೆ ಇಪ್ಪತ್ತೊಂದು ಬೇಕು. ಪದ್ಯ ಕಟ್ಟುವವರಿಗೆ ಐದು ಬೇಕು. ಹೆಸರನ್ನು ಹೆಸರಾಗಿ ಗೌರವಿಸುವವರಿಗೆ ನಾಲ್ಕು ಬೇಕು. ಒಳ್ಳೆಯ ಪ್ರೋಗ್ರಾಮರ್ ‘ಎಷ್ಟು?’ ಎಂದು ಕೇಳುವ ಮುನ್ನ ‘ಏನನ್ನು ಎಣಿಸಬೇಕು?’ ಎಂದು ಕೇಳುವನು.

ಈ ವಾರ ಬಿಡುವಿದ್ದಾಗ ಮನೆಯ ಮಕ್ಕಳು ಕಾಗದ, ಪೆನ್ಸಿಲು ತೆಗೆದುಕೊಂಡು ಅಜ್ಜಿಯ ಹೆಸರು, ತಾಯಿಯ ಹೆಸರು, ತಮ್ಮ ಊರಿನ ಹೆಸರು, ಇವುಗಳನ್ನು ಮೇಲಿನ ನಿಯಮದಂತೆ ಬಿಡಿಸಿ, ಅಕ್ಷರವೆಷ್ಟು, ಸಂಕೇತವೆಷ್ಟು, ಮಾತ್ರೆ ಎಷ್ಟು ಎಂದು ಬರೆದಿಡಲಿ. ಕಂಪ್ಯೂಟರ್ ಇರುವವರು ಅದರ ಉತ್ತರದೊಡನೆ ತಾಳೆ ನೋಡಲಿ. ಎರಡೂ ಹೊಂದಿದರೆ ಸಂತೋಷ. ಹೊಂದದಿದ್ದರೆ ಇನ್ನೂ ಸಂತೋಷ, ಏಕೆಂದರೆ ಎಲ್ಲೋ ಒಂದು ಕಾಣದ ತೆರಪೋ ಸೊನ್ನೆಯ ವೇಷದ ಅನುಸ್ವಾರವೋ ಅಡಗಿದೆ. ಅದನ್ನು ಪತ್ತೆ ಹಚ್ಚಿದ ಮಗು ಸ್ಟ್ರಿಂಗಿನ ಪಾಠದಲ್ಲಿ ಅರ್ಧ ದಾರಿ ನಡೆದಂತೆಯೇ.